ಏಳನೆಯ ಪಾಯಿಂಟಿನ ಬಣ್ಣ

ಡೊಂಬಿವಲಿ ಪೂರ್ವ
12 ಆಗಸ್ಟ್ 2025

ಸೌಭಾಗ್ಯ ಅವರಿಗೆ,

ನಿಮ್ಮ ಫೋನಿನಲ್ಲಿ ನನ್ನ ನಂಬರಿಗೆ ಜಾಗವಿಲ್ಲ ಎಂದು ಗೊತ್ತಾಗಿದೆ. ಆಫೀಸಿನ ಮೇಲ್‌ಗೆ ಬರೆದರೆ ನಿಮಗಿಂತ ಮೊದಲು ನಾಲ್ಕು ಜನ ಓದುತ್ತಾರೆ. ಹಾಗಾಗಿ ವಿಠ್ಠಲವಾಡಿಯ ನಿಮ್ಮ ಮನೆಗೇ ಕಾಗದ. ಹರಿದು ಹಾಕುವುದಾದರೂ ಒಂದು ಸಲ ಓದಿ ಹರಿಯಿರಿ.

ತೊಟ್ಟಿಲಿಗೆ ಯಾಕೆ ಬರಲಿಲ್ಲ ಎಂದು ಕೇಳಲು ಬರೆಯುತ್ತಿಲ್ಲ. ನಾನು ಕೆಲಸ ಬಿಟ್ಟ ವಾರವೇ ನನ್ನ ಮೇಜಿನಲ್ಲಿ ಹೇಗೆ ಕೂತಿರಿ ಎಂದೂ ಅಲ್ಲ. ಬೇರೆ ವಿಷಯ.

ನಿನ್ನೆ ಅನುಷ್ಕಾಳಿಗೆ ಹತ್ತನೆಯ ವಾರದ ಚುಚ್ಚುಮದ್ದು. ಮಳೆ ಎಂದು ಅಮ್ಮ ಮಗುವಿಗೆ ಉಣ್ಣೆಯ ಟೊಪ್ಪಿ, ಎರಡು ಅಂಗಿ, ಮೇಲೊಂದು ದುಪ್ಪಟಿ ಸುತ್ತಿದ್ದರು. ನರ್ಸಿಗೆ ಅವಸರ. ಸುತ್ತಿದ್ದನ್ನು ಸುತ್ತಿದ ಹಾಗೆಯೇ ತಕ್ಕಡಿಯಲ್ಲಿಟ್ಟು ಕಾರ್ಡಿನಲ್ಲಿ ಐದು ಕಿಲೋ ಆರುನೂರು ಎಂದು ಬರೆದಳು. ಆರನೆಯ ವಾರ ಬರಿಮೈಯಲ್ಲಿ ತೂಗಿದಾಗ ನಾಲ್ಕು ಕಿಲೋ ಇನ್ನೂರು. "ಬಟ್ಟೆ ತೆಗೆದು ತೂಗಿ" ಎಂದೆ. "ಮ್ಯಾಡಮ್, ಹಿಂದೆ ಲೈನ್ ನೋಡಿ" ಎಂದಳು. ಅಮ್ಮನಿಗೆ ಖುಷಿಯೋ ಖುಷಿ. "ನೋಡು ಮಾರಾಯ್ತಿ, ಹಾಲು ಸಾಲುವುದಿಲ್ಲ ಅಂತ ಅಳ್ತಾ ಇದ್ದೆಯಲ್ಲ, ಮಗು ಹೇಗೆ ಬೆಳೆದಿದೆ!" ಎಂದರು. ಬೆಳೆದದ್ದು ಮಗುವಲ್ಲ, ಉಣ್ಣೆ.

ವಾಪಸ್ ಬರುವಾಗ ಎಂಐಡಿಸಿ ನಾಕಾದಲ್ಲಿ, ಕಾರ್ಖಾನೆಗಳ ಸಾಲು ಶುರುವಾಗುವಲ್ಲಿ, ರಿಕ್ಷಾ ನಿಂತಿತು. ಎದುರಿಗೆ ಆ ಬಣ್ಣದ ಕಾರ್ಖಾನೆಯ ಗೇಟು. ನನಗೆ ಏಳನೆಯ ಪಾಯಿಂಟ್ ನೆನಪಾಯಿತು.

ಹೋದ ವರ್ಷ ದಸರೆ ಮುಗಿದ ವಾರ, ಅಕ್ಟೋಬರ್ ಹದಿನೆಂಟು. ಅಲ್ಲಿಯ ಏರ್ ರಿಸೀವರಿನ ಉಕ್ಕಿನ ದಪ್ಪ ಅಳೆಯಲು ನಾವಿಬ್ಬರೇ ಹೋಗಿದ್ದೆವು. ಅಡ್ಡಡ್ಡ ಮಲಗಿಸಿದ ಎಮ್ಮೆಯ ಹಾಗಿದ್ದ ಆ ಟ್ಯಾಂಕು ನೆನಪಿದೆಯಲ್ಲ? ಒತ್ತಿ ತುಂಬಿದ ಗಾಳಿ, ತಳದಲ್ಲಿ ನಿಲ್ಲುವ ನೀರು. ಹೊಸದರಲ್ಲಿ ಹನ್ನೆರಡು ಮಿಲಿಮೀಟರ್ ದಪ್ಪ. ಎಂಟಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು, ಇಲ್ಲವಾದರೆ ಸಿಡಿದೀತು. ಅಳೆಯಲು ಹನ್ನೆರಡು ಪಾಯಿಂಟ್. ಹನ್ನೊಂದು ಕಡೆ ಬಣ್ಣ ಕೆರೆದು ಗೇಜಿನ ಪ್ರೋಬ್ ಇಟ್ಟೆವು. ಏಳನೆಯದು ಹೊಟ್ಟೆಯ ಅಡಿಯಲ್ಲಿ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಅಷ್ಟರಲ್ಲಿ ಪ್ರತಿ ದಸರೆಗೆ ಆ ಟ್ಯಾಂಕಿಗೆ ಬಣ್ಣ ಹಚ್ಚುವ ಮುರಾರಿ ಕಾಕಾ ಬಂದು ಕೈ ಮುಗಿದರು. "ಪೂಜೆಗೆ ಹಚ್ಚಿದ ಬಣ್ಣ, ತಾಈ. ಇನ್ನೂ ಹಸಿ. ದೀಪಾವಳಿ ತನಕ ಒಂದಾದರೂ ಬಿಡಿ" ಎಂದರು. ಬಿಟ್ಟೆವು. ಬಣ್ಣದ ಮೇಲೆಯೇ ಪ್ರೋಬ್ ಇಟ್ಟಿರಿ ನೀವು.

ಒಂದು ಮಿಲಿಮೀಟರ್ ಬಣ್ಣವನ್ನು ನಮ್ಮ ಗೇಜ್ ಎರಡೂವರೆ ಮಿಲಿಮೀಟರ್ ಉಕ್ಕು ಎಂದು ಓದುತ್ತದೆ. ಅದನ್ನು ನನಗೆ ಕಲಿಸಿದವರೇ ನೀವು.

ನೀವು ಕೂಗಿದ್ದು 10.1. ನಾನು ಬರೆದೆ. ಅದು ಉಕ್ಕೋ, ಬಣ್ಣವೋ? ಅಷ್ಟು ಹೇಳಿ. ಯಾಕೆಂದರೆ ನಮ್ಮವರು, ದಿಲೀಪ, ಈಗ ಅದೇ ಕಾರ್ಖಾನೆಯಲ್ಲಿದ್ದಾರೆ. ಫೆಬ್ರವರಿಯಲ್ಲಿ ಸೇರಿದರು. "ಜಾಗ ಹೇಗೆ, ಸೇಫಾ?" ಎಂದು ನನ್ನನ್ನೇ ಕೇಳಿದ್ದರು. "ನಾನೇ ಅಳೆದಿದ್ದೇನೆ, ಧೈರ್ಯವಾಗಿ ಹೋಗಿ" ಎಂದಿದ್ದೆ. ಅವರ ಕುರ್ಚಿ ಆ ಟ್ಯಾಂಕಿನಿಂದ ಹತ್ತು ಹೆಜ್ಜೆ.

ರಮಿತಾ

*

ವಿಠ್ಠಲವಾಡಿ
19 ಆಗಸ್ಟ್ 2025

ರಮಿತಾ,

ಕಾಗದ ಮುಟ್ಟಿತು. ಹರಿದಿಲ್ಲ.

ಆ ವರದಿಯ ಮೇಲೆ ಇಬ್ಬರ ಸಹಿ ಇದೆ. ಅಳೆದವಳು ನಾನು, ಬರೆದವಳು ನೀನು. ಮುಂದಿನ ಅಳತೆ ಐದು ವರ್ಷಕ್ಕೆ ಎಂದು ಕೊನೆಯ ಪುಟದಲ್ಲಿ ಬರೆದದ್ದೂ ನೀನೇ. ಅನುಮಾನ ಇದ್ದರೆ ಕಂಪನಿಗೆ ಬರಿ. ನನ್ನ ಮನೆಗೆ ಬರೆದರೆ ಅವ್ವ ಲಕೋಟೆ ಹಿಡಿದುಕೊಂಡು "ಯಾರದವಾ, ಮದುವಿ ಪತ್ರ ಏನು?" ಎಂದು ಓಣಿಯೆಲ್ಲ ಕೇಳುವಂತೆ ಕೂಗುತ್ತಾಳೆ.

ಏಳನೆಯ ಪಾಯಿಂಟ್ ಕೆರೆಯದೇ ಬಿಟ್ಟದ್ದು ಯಾರ ಮಾತಿನಿಂದ ಎಂದು ಒಮ್ಮೆ ಕಣ್ಣು ಮುಚ್ಚಿ ನೆನಪು ಮಾಡಿಕೋ. ಮುರಾರಿ ಕಾಕಾನ ಮಾತಿನಿಂದ ಅಲ್ಲ.

ಮಗು ಚೆನ್ನಾಗಿರಲಿ.

ಸೌಭಾಗ್ಯ

*

ಡೊಂಬಿವಲಿ ಪೂರ್ವ
25 ಆಗಸ್ಟ್ 2025

ಸೌಭಾಗ್ಯ ಅವರಿಗೆ,

ಕಣ್ಣು ಮುಚ್ಚು ಎನ್ನುತ್ತೀರಿ. ಹನ್ನೆರಡು ವಾರಗಳಿಂದ ನನಗೆ ಸಿಗದಿರುವುದು ಅದೊಂದೇ. ಮಗು ನಲವತ್ತು ನಿಮಿಷ ಮಲಗುತ್ತದೆ, ಒಂದೂವರೆ ಗಂಟೆ ಅಳುತ್ತದೆ. ಈಗ ಮಧ್ಯಾಹ್ನ ಮೂರು. ಅಮ್ಮನ ಮಡಿಲಲ್ಲಿ ಮಲಗಿದೆ, ಅಮ್ಮನೂ ಮಲಗಿದ್ದಾರೆ. ನಾನು ಮಾತ್ರ ಗ್ಯಾಸ್ ಕಟ್ಟೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ.

ನೀವು ಹೇಳಿದಂತೆ ಕಂಪನಿಗೆ ಫೋನ್ ಮಾಡಿದೆ. "ಮ್ಯಾಡಮ್, ನೀವೀಗ ನಮ್ಮಲ್ಲಿಲ್ಲವಲ್ಲ" ಎಂದರು. ಕಾರ್ಖಾನೆಯ ಸೇಫ್ಟಿ ಆಫೀಸರಿಗೆ ಮಾಡಿದೆ. ಆತ ನನ್ನದೇ ವರದಿಯನ್ನು ತೆಗೆದು ನನಗೇ ಓದಿ ಹೇಳಿದ. "ಏಳನೆಯ ಪಾಯಿಂಟ್, 2019ರಲ್ಲಿ 10.2, ಈಗ 10.1. ಐದು ವರ್ಷಕ್ಕೆ ಒಂದು ಗೆರೆ ಸವೆದಿದೆ. ಉಳಿದ ಆಯುಷ್ಯ ನೂರಾ ಐದು ವರ್ಷ. ಸಹಿ, ರಮಿತಾ ಡಿ. ಯಾರು ಮ್ಯಾಡಮ್ ಇವರು?" ಎಂದು ನಕ್ಕ. ನೂರಾ ಐದು! ಅವತ್ತು ಲೆಕ್ಕ ಬಂದಾಗ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತ ನಾವೂ ನಕ್ಕಿದ್ದೆವು. "ಮುಂದಿನ ಸಲ ನಮ್ಮ ಮೊಮ್ಮಕ್ಕಳು ಬಂದು ಅಳೀಲಿ ಬಿಡ" ಎಂದಿರಿ ನೀವು. ನನ್ನ ಸಹಿಯೇ ನನ್ನ ಬಾಯಿ ಮುಚ್ಚಿಸುತ್ತಿದೆ. ಬೇರೆ ಯಾರಾದರೂ ಬರೆದಿದ್ದರೆ ಇಷ್ಟು ಹೊತ್ತಿಗೆ ಜಗಳವಾಡಿ ಗೆದ್ದಿರುತ್ತಿದ್ದೆ.

ದಿಲೀಪರಿಗೆ ಹೇಳಿದೆ. ಶಾಂತವಾಗಿ ಹೇಳಬೇಕೆಂದು ಎರಡು ದಿನ ಅಭ್ಯಾಸ ಮಾಡಿದ್ದೆ, ಆದರೂ ಬಾಯಿ ತೆರೆದ ಕೂಡಲೇ ಅಳು ಬಂತು. ಅಳು ಬಂದ ಮೇಲೆ ಹೆಂಗಸಿನ ಮಾತಿಗೆ ತೂಕ ಇರುತ್ತದೆಯೇ?

"ರಮಿ, ನಿನಗೆ ನಿದ್ದೆ ಇಲ್ಲ. ಅದಕ್ಕೆ ಹೀಗೆಲ್ಲ ಅನ್ನಿಸ್ತದೆ."

"ನಿದ್ದೆ ಇಲ್ಲದಿದ್ದರೆ ಬಣ್ಣ ಉಕ್ಕಾಗ್ತದಾ?"

"ಆರು ತಿಂಗಳಾಯ್ತು ಅದರ ಪಕ್ಕ ಕೂತು. ಏನಾಗಿದೆ ನನಗೆ?"

"ಏನಾದರೂ ಆಗಿದ್ದರೆ ಹೀಗೆ ಕೇಳಲು ನೀವು ಇರ್ತಿದ್ದಿರಾ?"

ಅವರು ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟರು. ಅಮ್ಮ ಒಳಗಿನಿಂದಲೇ "ಬಾಣಂತಿ ಬಾಯಲ್ಲಿ ಅಂಥ ಮಾತು ಬರಬಾರದು" ಎಂದರು. ಜೀರಿಗೆ ಕಷಾಯ ಮಾಡಿ ಕೊಟ್ಟರು. ನನ್ನ ಪ್ರಶ್ನೆಗೆ ಈ ಮನೆಯಲ್ಲಿ ಸಿಗುವ ಉತ್ತರ ಅದೊಂದೇ, ಜೀರಿಗೆ ಕಷಾಯ.

ಈ ಊರಲ್ಲಿ ದೊಡ್ಡ ಸದ್ದು ಕೇಳಿದರೆ ಜನ ಮೊದಲು ನೋಡುವುದು ಎಂಐಡಿಸಿ ದಿಕ್ಕಿಗೆ. ಕೆಳಗಿನ ಅಂಗಡಿಯವ ಶಟರ್ ಎಳೆದರೂ ನಾನು ಬಾಲ್ಕನಿಗೆ ಓಡುತ್ತೇನೆ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನ್. ದಿಲೀಪರ ಫೋನ್ ಗೇಟಿನ ಲಾಕರಿನಲ್ಲಿ ಇರುತ್ತದೆ ಎಂದು ಗೊತ್ತಿದ್ದೂ ಒತ್ತುತ್ತೇನೆ.

ನೀವು ಏನೂ ಹೇಳದೇ ಕೂತಿದ್ದೀರಿ. ಅಳೆಯುವ ಸರ್ಟಿಫಿಕೇಟ್ ಹೋಗುತ್ತದೆ ಎಂಬ ಭಯವೇ?

ರಮಿತಾ

*

ಡೊಂಬಿವಲಿ ಪೂರ್ವ
6 ಸೆಪ್ಟೆಂಬರ್ 2025

ಸೌಭಾಗ್ಯ ಅವರಿಗೆ,

ನೀವು ಉತ್ತರ ಬರೆಯಲಿಲ್ಲ. ಗಣಪತಿ ಬಂದು ಹೋದ, ನಿಮ್ಮ ಕಾಗದ ಬರಲಿಲ್ಲ.

ಈ ಲಕೋಟೆಯಲ್ಲಿ ಚಿಕ್ಕ ಪ್ಲಾಸ್ಟಿಕ್ ಚೀಲವಿದೆ. ಎಸೆಯಬೇಡಿ. ಅದು ಏಳನೆಯ ಪಾಯಿಂಟಿನ ಪಕ್ಕದಿಂದ ಉದುರಿದ ಬಣ್ಣದ ಚಕ್ಕೆ. ಹತ್ತು ದಿನ ಕಾಡಿದ ಮೇಲೆ ದಿಲೀಪ ತಂದುಕೊಟ್ಟರು. "ತಗೋ. ಇದನ್ನು ನೋಡಿಯಾದರೂ ಸ್ವಲ್ಪ ಮಲಗು" ಎಂದರು. ಮಲಗಲಿಲ್ಲ. ಅಂಚನ್ನು ಬ್ಲೇಡಿನಿಂದ ಕೊಯ್ದು ಕಿಟಕಿಯ ಬೆಳಕಿಗೆ ಹಿಡಿದೆ.

ಕೆಳಗೆ ಕೆಂಪು, ಅದರ ಮೇಲೆ ಬೂದು, ಹಸಿರು, ಬೂದು, ಬೆಳ್ಳಿ, ಮತ್ತೆ ಹಸಿರು. ಎಣಿಸಿ ನೋಡಿ. ಕೆಂಪು ಪ್ರೈಮರ್ ಬಿಟ್ಟರೆ ಐದು ಪದರ, ಐದು ದಸರೆ. ಒಬ್ಬೊಬ್ಬ ಮ್ಯಾನೇಜರಿಗೆ ಒಂದೊಂದು ಬಣ್ಣ ಇಷ್ಟವಂತೆ. ಹಳೆಯದನ್ನು ಕೆರೆಯುವ ಪದ್ಧತಿಯೇ ಅಲ್ಲಿಲ್ಲ. ಖಂಡೇನವಮಿಯ ದಿನ ಮುರಾರಿ ಕಾಕಾ ಬ್ರಶ್ ಹಿಡಿದು ಮೇಲಿನಿಂದ ಎಳೆಯುತ್ತಾರೆ. ಬಣ್ಣ ಹೊಟ್ಟೆಯಗುಂಟ ಇಳಿದು ತಳದಲ್ಲಿ ದಪ್ಪಗೆ ಗಟ್ಟಿಯಾಗುತ್ತದೆ. ಹೊರಗೆ ಬಣ್ಣ ಇಳಿಯುವುದೂ ಕೆಳಗೇ, ಒಳಗೆ ನೀರು ನಿಂತು ತಿನ್ನುವುದೂ ಕೆಳಗೇ. ಉಕ್ಕು ಎಲ್ಲಿ ತೆಳ್ಳಗೋ ಬಣ್ಣ ಅಲ್ಲೇ ದಪ್ಪ. ಇದಕ್ಕಿಂತ ಚೆನ್ನಾಗಿ ಒಂದು ಮೋಸವನ್ನು ಯಾರೂ ಕೂತು ಯೋಚಿಸಿಯೂ ಮಾಡಲಾರರು. ಇಲ್ಲಿ ಯಾರೂ ಮೋಸ ಮಾಡಲಿಲ್ಲ, ಪೂಜೆ ಮಾಡಿದರು ಅಷ್ಟೇ.

ವರ್ನಿಯರ್ ಹಿಡಿದು ಚಕ್ಕೆಯ ದಪ್ಪ ನೋಡಿದೆ. ಒಂದು ಮಿಲಿಮೀಟರ್. ನಿಮ್ಮ ರೀಡಿಂಗಿನಿಂದ ಎರಡೂವರೆ ಕಳೆಯಿರಿ. ಹೋದ ವರ್ಷವೇ ಉಕ್ಕು ಇದ್ದದ್ದು ಏಳೂವರೆಯ ಆಸುಪಾಸು. ಎಂಟಕ್ಕಿಂತ ಕೆಳಗೆ!

ಇನ್ನೂ ಒಂದಿದೆ. ದಸರೆ ಮುಗಿದ ಮೇಲೆ ಅಲ್ಲಿಗೆ ದೊಡ್ಡ ಕಂಪ್ರೆಸರ್ ಬರುತ್ತದೆ. ಟ್ಯಾಂಕಿನ ಒತ್ತಡವನ್ನು ಏಳರಿಂದ ಒಂಬತ್ತಕ್ಕೆ ಏರಿಸುತ್ತಾರಂತೆ. ಯಾವ ಧೈರ್ಯದ ಮೇಲೆ? ನಮ್ಮ ನೂರಾ ಐದು ವರ್ಷದ ಮೇಲೆ. ಅಕ್ಟೋಬರ್ ಒಂದು ಮತ್ತು ಎರಡು, ಎರಡೇ ದಿನ ಕಾರ್ಖಾನೆ ನಿಂತಿರುತ್ತದೆ. ಮುರಾರಿ ಕಾಕಾ ಆರನೆಯ ದಸರೆಗೆ ಡಬ್ಬಿ ತರಿಸಿ ಇಟ್ಟಿದ್ದಾರೆ. ಈ ವರ್ಷ ನೀಲಿ.

ನೀವು 10.1 ಎಂದು ಕೂಗಿದಿರಿ. ನಿಮ್ಮ ಬಾಯಿಂದ ಬಂದದ್ದನ್ನು ನಾನು ಬರೆದೆ. ಇಬ್ಬರ ಸಹಿ ಎಂದರೆ ಇಬ್ಬರ ತಪ್ಪು ಎಂದು ಅರ್ಥವಲ್ಲ. ಬಾಯಿ ನಿಮ್ಮದು.

ರಮಿತಾ

*

ಡೊಂಬಿವಲಿ ಪೂರ್ವ
11 ಸೆಪ್ಟೆಂಬರ್ 2025

ಸೌಭಾಗ್ಯಕ್ಕ,

ನನ್ನ ಹಿಂದಿನ ಕಾಗದವನ್ನು ಓದಿರದಿದ್ದರೆ ಓದಬೇಡಿ. ಓದಿದ್ದರೆ ಏನು ಹೇಳಲಿ.

ಅಮ್ಮ ಮಗುವಿನ ಹಳೆ ಬಟ್ಟೆ ಕಟ್ಟಿಡಲು ಕಪಾಟಿನ ಮೇಲಿನ ಚೀಲ ಇಳಿಸಿದರು. ಅದು ನನ್ನ ಸೈಟಿನ ಚೀಲ. ಒಳಗೆ ಹೆಲ್ಮೆಟ್ಟು, ಒಣಗಿದ ಜೆಲ್ ಬಾಟಲಿ, ಎಣ್ಣೆ ಹಿಡಿದ ಕೈಗವಸು. ತಳದಲ್ಲಿ ಅಳತೆ ಬರೆಯುವ ಪ್ಯಾಡ್. ಟೈಪ್ ಆದ ಮೇಲೆ ಆಫೀಸಿಗೆ ಒಪ್ಪಿಸಬೇಕಿತ್ತು, ಒಪ್ಪಿಸಿಲ್ಲ. ಅಕ್ಟೋಬರ್ ಹದಿನೆಂಟರ ಹಾಳೆ ಅದರಲ್ಲೇ ಇದೆ.

ಏಳನೆಯ ಸಾಲಿನಲ್ಲಿ ಮೊದಲು 10.6 ಎಂದಿದೆ. ಅದಕ್ಕೆ ಅಡ್ಡಗೆರೆ. ಪಕ್ಕದಲ್ಲಿ 10.1. ಎರಡೂ ನನ್ನ ಅಕ್ಷರ. ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿಮ್ಮ ಅಕ್ಷರ: "ಬಣ್ಣ ಕೆರೆದು ಮತ್ತೆ ನೋಡಬೇಕು."

ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ಓದಿದೆ. ಮಗು ಅಳುತ್ತಿತ್ತು. "ಎಂತ ಆಯ್ತು ನಿನಗೆ?" ಎಂದು ಅಮ್ಮ ಮೂರು ಸಲ ಕೇಳಿದರು.

ನೀವು ಕೂಗಿದ್ದು 10.6. ಹಿಂದಿನ ಸಲಕ್ಕಿಂತ ಜಾಸ್ತಿ. ಉಕ್ಕು ಬೆಳೆಯುವುದಿಲ್ಲ, ಆ ಅಂಕಿಯೇ "ಇಲ್ಲೇನೋ ತಪ್ಪಿದೆ, ನೋಡಿ" ಎಂದು ಹೇಳುತ್ತಿತ್ತು. ನೀವು ಕೆರೆಯುವ ಉಳಿ ಕೊಡು ಎಂದು ಕೈ ಚಾಚಿದಿರಿ. ನಾನು ಕೊಡಲಿಲ್ಲ. ಹಸಿ ಬಣ್ಣದ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಆರು ವಾರ ಆಗಿತ್ತು ನನಗೆ, ಯಾರಿಗೂ ಹೇಳಿರಲಿಲ್ಲ, ನಿಮಗೂ. ಹೇಳಿದರೆ ಸೈಟಿನಿಂದ ತೆಗೆಯುತ್ತಾರೆಂದು. "ಕಾಕಾ ಅಷ್ಟು ಕೇಳಿಕೊಳ್ತಿದ್ದಾರೆ, ಬಿಡಿ ಅಕ್ಕ" ಎಂದದ್ದು ನಾನು. ನೀವು ಟ್ಯಾಂಕಿನ ಅಡಿಯಿಂದ ಎದ್ದು ಬರುವುದರೊಳಗೆ 10.6 ಹೊಡೆದು, ಹಿಂದಿನ ಸಲಕ್ಕಿಂತ ಒಂದು ಗೆರೆ ಕಡಿಮೆ, ಯಾರೂ ಪ್ರಶ್ನೆ ಕೇಳದ ಒಂದು ಅಂಕಿ ಬರೆದೆ. ಆಮೇಲೆ ಕೂಲಿಂಗ್ ಟವರಿನ ಹಿಂದೆ ಹೋಗಿ ವಾಂತಿ ಮಾಡಿದೆ.

ನಿಮ್ಮ ಬಾಯಿ ಎಂದೆನಲ್ಲ. ಕೈ ನನ್ನದು.

ಈ ಹಾಳೆಯನ್ನು ಒಲೆಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ನಿಮಗೆ ಗೊತ್ತಿರಲಿ ಎಂದು ಅದನ್ನೂ ಬರೆದಿದ್ದೇನೆ. ಹಾಕಲಿಲ್ಲ. ನಕಲು ಇಟ್ಟಿದ್ದೇನೆ ಇದರ ಜೊತೆ.

ರಮಿತಾ

*

ವಿಠ್ಠಲವಾಡಿ
18 ಸೆಪ್ಟೆಂಬರ್ 2025

ರಮಿತಾ,

ಎರಡೂ ಕಾಗದ ಓದಿದೆ. ಚಕ್ಕೆಯನ್ನೂ ಎಣಿಸಿದೆ. ಐದೇ.

ಲೆಕ್ಕ ಸ್ವಲ್ಪ ತಿದ್ದಿಕೋ. ಕಳೆಯಬೇಕಾದ್ದು 10.6ರಿಂದ. ಆಗ ಹೋದ ವರ್ಷ 8.1 ಬರುತ್ತದೆ, ಅಂದರೆ ಅವತ್ತು ಇನ್ನೂ ಗೆರೆಯ ಮೇಲಿತ್ತು. 2019ರಲ್ಲಿ ಬಣ್ಣ ಕೆರೆದು ಅಳೆದ 10.2ರಿಂದ ಐದು ವರ್ಷದಲ್ಲಿ ಎರಡು ಮಿಲಿಮೀಟರ್ ತಿಂದಿದೆ ಎಂದರೆ ಈ ವರ್ಷ ಎಂಟಕ್ಕಿಂತ ಕೆಳಗೆ ಇಳಿದಿರಬೇಕು. ಅವತ್ತೇ ಕೆರೆದಿದ್ದರೆ ಒಂದು ವರ್ಷ ಮೊದಲೇ ಗೊತ್ತಾಗುತ್ತಿತ್ತು. ಇದನ್ನು ನಿನ್ನನ್ನು ಚುಚ್ಚಲು ಬರೆದದ್ದಲ್ಲ, ನನಗೂ ಸೇರಿಸಿಯೇ ಬರೆದೆ.

ನೀನು 10.6 ಹೊಡೆದದ್ದನ್ನು ನಾನು ಅವತ್ತೇ ನೋಡಿದ್ದೆ. ರಿಕ್ಷಾದಲ್ಲಿ ಪ್ಯಾಡ್ ನನ್ನ ತೊಡೆಯ ಮೇಲಿತ್ತು. ಅಂಚಿನಲ್ಲಿ ಬರೆದದ್ದು ಆಗಲೇ, ನಾಳೆ ಹೋಗಿ ಮತ್ತೆ ಅಳೆಯೋಣ ಎಂದು. ನಾಳೆ ಅಂಬರನಾಥದ ಕೆಲಸ ಬಂತು, ನಾಡಿದ್ದು ಇನ್ನೊಂದು. ವರದಿ ಟೈಪಾಗಿ ಮೇಜಿಗೆ ಬಂದಾಗ ಓದಿ ಸಹಿ ಮಾಡಿದೆ. ನೂರಾ ಐದು ವರ್ಷ ಎಂದು ನಗೆಯಾಡಿದೆನಲ್ಲ, ಅದು ಸುಳ್ಳು ನಗೆ.

ನಿನಗೆ ಆರು ವಾರ ಎಂಬುದೂ ಗೊತ್ತಿತ್ತು. ದಿನಾ ನನ್ನ ಡಬ್ಬಿಯ ರೊಟ್ಟಿ, ಗುರೆಳ್ಳು ಚಟ್ನಿ ಕಸಿದು ತಿನ್ನುವವಳು ವಾಸನೆಗೇ ಮುಖ ತಿರುಗಿಸಿದೆ. ಅವ್ವನಿಗೆ ಹೇಳಿದರೆ "ಬಸುರಿ ಐತಿ ಹುಡುಗಿ, ನಿನಗ ತಿಳೀವಲ್ದೇನು?" ಎಂದಳು. ನೀನೇ ಹೇಳಲಿ ಎಂದು ಕಾದೆ. ಠಾಣೆ ಪ್ಲಾಟ್‌ಫಾರ್ಮಿನಲ್ಲಿ ದಿನಾ ಬೆಳಗ್ಗೆ ಕಾದೆ. ನೀನು ಹೇಳಲೇ ಇಲ್ಲ. ಐದು ವರ್ಷ ಒಂದೇ ಸೀಟಿನಲ್ಲಿ ಕೂತು ಹೋದವಳಿಗೆ ಹೇಳಲಿಲ್ಲ.

ಹಾಗಾಗಿ ಇದನ್ನೂ ಕೇಳಿಕೋ. ನೀನು ಬಸುರಿ ಎಂದು ಆಫೀಸಿಗೆ ಹೇಳಿದ್ದು ನಾನೇ. "ಅವಳನ್ನು ಸೈಟಿಗೆ ಕಳಿಸಬೇಡಿ" ಎಂದೆ. ನಿನ್ನ ಒಳ್ಳೆಯದಕ್ಕೆ ಎಂದು ಆಗ ನನ್ನನ್ನೇ ನಂಬಿಸಿಕೊಂಡಿದ್ದೆ. ಅರ್ಧ ಅದು ಖರೆ. ಇನ್ನರ್ಧ ಸಿಟ್ಟು. ಹೇಳಬೇಕಾದ್ದು ಎರಡಿತ್ತು ರಮಿತಾ, ನಿನ್ನ ಹೊಟ್ಟೆಯದೊಂದು, ಆ ಟ್ಯಾಂಕಿನ ಹೊಟ್ಟೆಯದೊಂದು. ಹೇಳಬಾರದ್ದನ್ನು ಹೇಳಿ ಹೇಳಬೇಕಾದ್ದನ್ನು ಬಿಟ್ಟೆ. ತೊಟ್ಟಿಲಿಗೆ ಯಾವ ಮುಖ ಹೊತ್ತು ಬರಲಿ?

ನಿನ್ನೆ ನಮ್ಮ ಆಫೀಸಿನ ಸಾಹೇಬರ ಎದುರು ಹಾಳೆಯ ನಕಲು, ಚಕ್ಕೆ ಎರಡನ್ನೂ ಇಟ್ಟೆ. ಹದಿನೈದು ನಿಮಿಷ ಬೈದರು. "ಇದು ಹೊರಗ ಹೋದ್ರ ಮಹಾಪೆಯೊಳಗ ನಮ್ಮ ಆಫೀಸಿನ ಬೋರ್ಡ್ ಇಳಸಬೇಕಾಗ್ತದ" ಎಂದರು. "ಒಳಗ ಇದ್ರ ಡೊಂಬಿವಲಿಯೊಳಗ ಏನೇನು ಇಳಸಬೇಕಾಗ್ತದ, ಸರ್?" ಎಂದೆ. ಒಂದನೇ ತಾರೀಕು ಹೋಗಿ ಅಳೆಯಲು ಒಪ್ಪಿದ್ದಾರೆ. ಅದಾದ ಮೇಲೆ ವಿಚಾರಣೆ ಮುಗಿಯುವ ತನಕ ನನಗೆ ಗೇಜ್ ಮುಟ್ಟುವಂತಿಲ್ಲ.

ನಿನ್ನನ್ನು ಗೇಟಿನೊಳಗೆ ಬಿಡುವುದಿಲ್ಲವಂತೆ, ನೀನೀಗ ಹೊರಗಿನವಳು. ಪ್ಯಾಡ್ ಹಿಡಿಯಲು ಕಾರ್ಖಾನೆಯ ಕಡೆಯಿಂದಲೇ ಒಬ್ಬರು ಬೇಕು ಎಂದಿದ್ದೇನೆ. ಹೆಸರು ಬರೆದುಕೊಟ್ಟಿದ್ದೇನೆ. ನಿನ್ನ ಗಂಡನದು.

ಸೌಭಾಗ್ಯ

*

ವಿಠ್ಠಲವಾಡಿ
2 ಅಕ್ಟೋಬರ್ 2025, ದಸರೆ

ರಮಿತಾ,

ನಿನ್ನೆ ಆದದ್ದನ್ನು ನಿನ್ನ ಗಂಡ ಹೇಳಿರುತ್ತಾರೆ. ಆದರೂ ಅವರು ಎಷ್ಟು ಹೇಳುವ ಮನುಷ್ಯ ಎಂದು ನೋಡಿದ ಮೇಲೆ ನಾನೇ ಬರೆಯುವುದು ಒಳ್ಳೆಯದು ಅನ್ನಿಸಿತು.

ಟ್ಯಾಂಕು ತಣ್ಣಗೆ ಮಲಗಿತ್ತು. ಮುರಾರಿ ಕಾಕಾ ನೀಲಿ ಡಬ್ಬಿ ತೆರೆದು ಬ್ರಶ್ ಅದ್ದಿಯೇ ಬಿಟ್ಟಿದ್ದರು. ನನ್ನ ಕೈಯಲ್ಲಿ ಉಳಿ ನೋಡಿ ಅಡ್ಡ ನಿಂತರು. "ತಾಈ, ನವಮಿಯ ದಿನ ದೇವರ ಮೈ ಕೆರೆಯುತ್ತೀರಾ?" ಎಂದರು. ಮ್ಯಾನೇಜರ್ ಗೋಡೆ ನೋಡುತ್ತ ನಿಂತಿದ್ದ. ಕಾಕಾ ಬೇಡವೆಂದರೆ ಸಾಕು ಎಂದು ಅವನು ಕಾಯುತ್ತಿರುವ ಹಾಗಿತ್ತು.

"ಕಾಕಾ, ಮನೆಯೊಳಗ ದೇವರಿಗೆ ಮೊದಲು ಸ್ನಾನ ಮಾಡಿಸ್ತೀರೋ, ಹೋದ ವರ್ಷದ ಗಂಧದ ಮ್ಯಾಲೇ ಈ ವರ್ಷದ್ದು ಹಚ್ತೀರೋ?" ಎಂದೆ.

ಅವರು ಬ್ರಶ್ಶನ್ನು ಡಬ್ಬಿಯ ಮೇಲಿಟ್ಟರು. ಆಮೇಲೆ ಉಳಿಯನ್ನು ನನ್ನ ಕೈಯಿಂದ ಕಸಿದುಕೊಂಡರು. "ನಾನೇ ಮಾಡುತ್ತೇನೆ. ಐದು ಸಲ ಹಚ್ಚಿದ ಕೈ ಇದು" ಎಂದು ಅಡಿಗೆ ತೂರಿದರು. ಅರವತ್ತರ ಹತ್ತಿರದ ಮನುಷ್ಯ, ಅಂಗಾತ ಮಲಗಿ ಮುಕ್ಕಾಲು ಗಂಟೆ ಕೆರೆದರು. ಎದ್ದಾಗ ಮೀಸೆಯಲ್ಲಿ ಐದು ದಸರೆಯ ಬಣ್ಣ.

ನಾನು ಟ್ಯಾಂಕಿನ ಅಡಿಗೆ ಹೋಗಿ ಬರಿ ಉಕ್ಕಿನ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಟ್ಟೆ. ಕೂಗಿದೆ, "ಏಳು ಪಾಯಿಂಟ್ ಏಳು."

ಅಡಿಯಿಂದ ನನಗೆ ಕಾಣುತ್ತಿದ್ದದ್ದು ನಿನ್ನ ಗಂಡನ ಬೂಟು ಮಾತ್ರ. ಬೂಟು ಎರಡು ಹೆಜ್ಜೆ ಹಿಂದೆ ಹೋಯಿತು, ನಿಂತಿತು.

"ಇನ್ನೊಂದು ಸಲ ನೋಡ್ತೀರಾ ಅಕ್ಕ?" ಎಂದರು.

ಮತ್ತೆ ಇಟ್ಟೆ. ಪಕ್ಕದಲ್ಲಿ ಇಟ್ಟೆ. 7.7, 7.8, 7.7.

"ಬರ್ಕೊಳ್ರಿ. ನಾ ಕೂಗಿದ್ದನ್ನ ಬರ್ಕೊಳ್ರಿ" ಎಂದೆ.

ಪೆನ್ನು ಕಾಗದದ ಮೇಲೆ ಓಡುವ ಸದ್ದು ಅಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಬಂದು ಹಾಳೆ ನೋಡಿದೆ. ಏಳನೆಯ ಸಾಲಿನಲ್ಲಿ ಒತ್ತಿ ಒತ್ತಿ ಬರೆದಿದ್ದಾರೆ, ಕೆಳಗಿನ ಹಾಳೆಗೂ ಅಚ್ಚು ಬಿದ್ದಿದೆ. ಅವರು ತಮ್ಮ ಕುರ್ಚಿಯ ಕಡೆಗೇ ನೋಡುತ್ತಿದ್ದರು. "ಇವಳು ಒಂದೂವರೆ ತಿಂಗಳಿಂದ ಹೇಳ್ತಾ ಇದ್ದಳು. ನಾನು ನಿದ್ದೆ ಮಾಡು ಅಂದೆ" ಎಂದರು. ಅಷ್ಟೇ.

ಟ್ಯಾಂಕಿಗೆ ಕೆಂಪು ಚೀಟಿ ಕಟ್ಟಿ ವಾಲ್ವಿಗೆ ಬೀಗ ಹಾಕಿಸಿ ಬಂದೆ. ಮ್ಯಾನೇಜರ್ "ತಾತ್ಕಾಲಿಕವಾಗಿ ಒತ್ತಡ ಏಳರಲ್ಲೇ ಇಟ್ಟು ನಡೆಸಬಹುದಲ್ಲ, ಬೇರೆ ಪಾಯಿಂಟು ನೋಡಿ" ಎಂದ. ತಿಂದಿರುವುದು ಎಲ್ಲಿಯೋ ಅಲ್ಲೇ ನೋಡುವುದು ನಮ್ಮ ಕೆಲಸ ಎಂದೆ. ಅವನ ಪಿಟಿಪಿಟಿ ಇನ್ನೂ ಮುಗಿದಿಲ್ಲ. ಆದರೆ ಹಳೆಯ ವರದಿ ಇರುವ ತನಕ ಅವನ ಬಾಯಿಗೆ ಬಲ ಇದೆ. ಅದನ್ನು ಹಿಂದಕ್ಕೆ ಪಡೆಯಬೇಕು. ಅದಕ್ಕೆ ಸಹಿ ಹಾಕಿದ ಇಬ್ಬರೂ ಬರೆದುಕೊಡಬೇಕು.

ನಮೂನೆ ಇಟ್ಟಿದ್ದೇನೆ. ನನ್ನದು ಆಗಿದೆ: ಅಂಕಿ ತಿದ್ದಿದ್ದು ಗೊತ್ತಿದ್ದೂ ಸಹಿ ಮಾಡಿದೆ ಎಂದು ಬರೆದಿದ್ದೇನೆ. ಕೆಳಗಿನ ಸಾಲು ನಿನ್ನದು. ಸಹಿ ಹಾಕಿದರೆ ಈ ಕೆಲಸಕ್ಕೆ ನಿನ್ನನ್ನು ಮತ್ತೆ ಯಾರೂ ಕರೆಯಲಿಕ್ಕಿಲ್ಲ. ಮಗು ದೊಡ್ಡದಾದ ಮೇಲೆ ಮರಳಬೇಕೆಂದು ಇತ್ತಲ್ಲ ನಿನಗೆ. ಯೋಚಿಸಿ ಹಾಕು. ನಾನು ಒತ್ತಾಯ ಮಾಡುವುದಿಲ್ಲ.

ಸೌಭಾಗ್ಯ

*

ಡೊಂಬಿವಲಿ ಪೂರ್ವ
8 ಅಕ್ಟೋಬರ್ 2025

ಸೌಭಾಗ್ಯಕ್ಕ,

ನಮೂನೆ ಇದರೊಳಗಿದೆ. "ಅಳೆಯದ ಅಂಕಿಯನ್ನು ಅಳೆದದ್ದೆಂದು ಬರೆದವಳು ನಾನು" ಎಂದು ಬರೆದು ಸಹಿ ಹಾಕಿದ್ದೇನೆ. ಯೋಚಿಸಲಿಲ್ಲ ಎಂದಲ್ಲ. ಎರಡು ದಿನ ಯೋಚಿಸಿದೆ, ಎರಡು ದಿನವೂ ಸಿಟ್ಟು ಬಂತು. ಬಣ್ಣ ಹಚ್ಚಿದವರಿಗೆ ಏನೂ ಇಲ್ಲ, ಒತ್ತಡ ಏರಿಸುತ್ತೇನೆ ಎಂದವನಿಗೆ ಏನೂ ಇಲ್ಲ, ಹೇಳಿದವರಿಗೇ ವಿಚಾರಣೆ. ಆದರೆ ಅಂಕಿ ತಿದ್ದಿದ್ದು ಅವರಲ್ಲ.

ದಿಲೀಪ ಅವತ್ತು ಮನೆಗೆ ಬಂದು ಕೈಕಾಲು ತೊಳೆಯಲಿಲ್ಲ, ಮಗುವನ್ನು ಎತ್ತಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು "ಏಳು ಪಾಯಿಂಟ್ ಏಳು" ಎಂದರು, ಬೇರೆ ಯಾರೂ ಇದನ್ನು ನನಗೆ ಹೇಳಬಾರದು ಎಂಬ ಹಾಗೆ. ನಾನು "ನಾನೇ ಹೇಳಿ ಕಳಿಸಿದ್ದು ನಿಮ್ಮನ್ನು ಅಲ್ಲಿಗೆ" ಎಂದೆ. ಅವರು ಆಗ ಕೈ ತೊಳೆಯಲು ಹೋದರು. ಆ ಮಾತು ಇನ್ನೂ ಅಲ್ಲೇ ನಿಂತಿದೆ.

ನಿನ್ನೆ ಹದಿನಾಲ್ಕನೆಯ ವಾರದ ಚುಚ್ಚುಮದ್ದಿಗೆ ಹೋಗಿದ್ದೆವು. ಜ್ವರ ಬಂದು ತಡವಾಗಿತ್ತು. ಈ ಸಲ ಟೊಪ್ಪಿ, ಅಂಗಿ, ಲಂಗೋಟಿ ಎಲ್ಲ ಬಿಚ್ಚಿ ನಾನೇ ತಕ್ಕಡಿಯಲ್ಲಿ ಮಲಗಿಸಿದೆ. ಹಿಂದಿನ ಲೈನಿನವರು ಗೊಣಗಿದರು, ಗೊಣಗಲಿ. ಐದು ಕಿಲೋ ಒಂಬೈನೂರು. ನರ್ಸ್ ಕಾರ್ಡ್ ನೋಡಿ ಹುಬ್ಬು ಗಂಟಿಕ್ಕಿದಳು. "ಎರಡು ತಿಂಗಳಿಗೆ ಮುನ್ನೂರು ಗ್ರಾಮಾ? ಮಗು ಸರಿಯಾಗಿ ಬೆಳೆಯುತ್ತಿಲ್ಲವಲ್ಲ" ಎಂದಳು. ಅಮ್ಮ ಅಲ್ಲೇ ಅಳಲು ಶುರು ಮಾಡಿದರು. ಹಿಂದಿನ ಸಲ ಬಟ್ಟೆಯ ಜೊತೆ ತೂಗಿದ್ದು ಎಂದು ವಿವರಿಸಿದೆ. ಡಾಕ್ಟರ್ ನೋಡಿ, ಸ್ವಲ್ಪ ಕಡಿಮೆ, ಹೆದರುವಷ್ಟಲ್ಲ, ಹಾಲು ಹೆಚ್ಚು ಸಲ ಕೊಡಿ ಎಂದರು. ಸ್ವಲ್ಪ ಕಡಿಮೆ ಎಂದು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತು ಗೊತ್ತಾ? ನಿಜವಾದ ಒಂದು ಅಂಕಿ ಸಿಕ್ಕಿತು. ಇನ್ನು ಅದನ್ನು ಹಿಡಿದು ಏನಾದರೂ ಮಾಡಬಹುದು.

ನರ್ಸ್ ಪೆನ್ನು ತೆಗೆದು ಹಳೆಯ ಐದು ಆರುನೂರಕ್ಕೆ ಗೆರೆ ಎಳೆಯಲು ಹೊರಟಳು. ನಾನು ಅವಳ ಕೈ ಹಿಡಿದೆ. ಸ್ವಲ್ಪ ಜೋರಾಗಿಯೇ ಹಿಡಿದೆನೋ ಏನೋ, ಬೆಚ್ಚಿದಳು.

"ಹೊಡೆಯಬೇಡಿ. ಅದು ಹಾಗೇ ಇರಲಿ. ಪಕ್ಕದಲ್ಲಿ 'ಬಟ್ಟೆಯ ಜೊತೆ' ಎಂದು ಬರೆಯಿರಿ" ಎಂದೆ.

ಬರೆದಳು. ನಿಂತು ನೋಡಿಕೊಂಡೆ.

ಭಾನುವಾರ ಬನ್ನಿ. ಅಮ್ಮನಿಗೆ ಹೇಳಿದ್ದೇನೆ. ನಿಮ್ಮವ್ವನನ್ನೂ ಕರೆದುಕೊಂಡು ಬನ್ನಿ, ಗುರೆಳ್ಳು ಚಟ್ನಿ ತನ್ನಿ, ಈಗ ತಿನ್ನುತ್ತೇನೆ. ಮಗುವನ್ನು ಎತ್ತಿಕೊಂಡು ಎಷ್ಟು ಭಾರ ಇದೆ ಎಂದು ನೀವೇ ಹೇಳಿ. ನೀವು ಹೇಳಿದ್ದನ್ನೇ ಬರೆದುಕೊಳ್ಳುತ್ತೇನೆ.

ನಿಮ್ಮ
ರಮಿತಾ